ಬೇವಿನ ಸೊಪ್ಪಿನ ಕೆಳಗೆ ಹಣೆ ಹಚ್ಚಿದವರು

ಅವರ ಎಡಗಣ್ಣು ಕೆನೆಗಟ್ಟಿದ ಹಾಲಿನಂತೆ ಪೂರ್ತಿ ಬೆಳ್ಳಗಿತ್ತು. ಮುಖದ ತುಂಬ ಸಿಡುಬಿನ ಕುಳಿಗಳು. ಐದನೆಯ ವಯಸ್ಸಿನಲ್ಲಿ ಬಂದ ಸಿಡುಬು ಅವರ ಕಣ್ಣನ್ನೂ, ಅದೇ ವಾರ ಅವರ ತಂಗಿಯನ್ನೂ ಒಯ್ದಿತ್ತು. ಆ ಮುಖ ಹೊತ್ತು ಅವರು ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುತ್ತ ತಿರುಗುತ್ತಿದ್ದರು. ಜನ ಅವರನ್ನು ದಾಕಿನವರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ.

ಸ್ವಾತಂತ್ರ್ಯ ಬಂದು ಎರಡು ವರ್ಷಕ್ಕೆ ನಾನು ಸಿರುಗುಪ್ಪದ ದವಾಖಾನೆಗೆ ನರ್ಸಾಗಿ ಬಂದೆ. ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಗಡಿಯಾರವನ್ನು ಕಲಿಸಿದ್ದರು. ಐದಕ್ಕೆ ಏಳುವುದು, ದೇವರಿಗೆ ದೀಪ ಹಚ್ಚುವುದು, ಎಂಟಕ್ಕೆ ಸಲಕರಣೆ ಕುದಿಸುವುದು, ಸಂಜೆ ಆರಕ್ಕೆ ರಿಜಿಸ್ಟರ್ ಮುಗಿಸುವುದು. ಹಿಡಿದ ಕೆಲಸ ಮುಗಿಯದೆ ಇನ್ನೊಂದನ್ನು ಮುಟ್ಟುವವಳಲ್ಲ ನಾನು. ದಾಕಿನವರಿಗೆ ನನ್ನ ಶಿಸ್ತು ಹಿಡಿಸುತ್ತಿತ್ತು, ದೀಪ ಹಿಡಿಸುತ್ತಿರಲಿಲ್ಲ.

“ನೀರು ಕುದಿಸಿದ್ರ ಸಾಕ್ರಿ ನರ್ಸಮ್ಮ. ದೀಪ ಯಾವ ರೋಗಕ್ಕ?”

“ಎಣ್ಣಿ ನಂದು, ಬತ್ತಿ ನಂದು. ನೀವು ನಿಮ್ಮ ಗಡಿಗಿ ನೋಡ್ಕೊರ್ರಿ,” ಎನ್ನುತ್ತಿದ್ದೆ.

ಗಡಿಗೆ ಎಂದರೆ ಅವರ ಸೈಕಲ್ಲಿಗೆ ಕಟ್ಟಿದ ಪುಟ್ಟ ಮಣ್ಣಿನ ಗಡಿಗೆ. ಮದ್ರಾಸಿನಿಂದ ಬರುವ ಲಸಿಕೆಯ ಗಾಜಿನ ನಳಿಗೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅದರೊಳಗೆ ಇಡುತ್ತಿದ್ದರು. ದಾರಿಯಲ್ಲಿ ಬಾವಿ ಕಂಡಲ್ಲೆಲ್ಲ ಇಳಿದು ಬಟ್ಟೆ ತೋಯಿಸುವರು. ತಾವು ನೀರು ಕುಡಿಯುವುದು ಆಮೇಲೆ. ಮಗು ಹೆದರಿದರೆ, ದಾಕು ಹಾಕುವ ಹಲ್ಲುಹಲ್ಲಿನ ಬಿಲ್ಲೆಯನ್ನು ಮೊದಲು ತಮ್ಮ ತೋಳಿಗೇ ಒತ್ತಿ ತಿರುವಿ, “ನೋಡಲೇ, ನಾ ಅಳಾಕ ಹತ್ತೀನೇನು?” ಎನ್ನುವರು. ಮಗು ಆ ಬಿಳಿಗಣ್ಣು ನೋಡಿ ಇನ್ನೂ ಜೋರಾಗಿ ಅಳುತ್ತಿತ್ತು. ಬಿಲ್ಲೆಯನ್ನು ಮತ್ತೆ ಬೆಂಕಿಗೆ ಹಿಡಿದು, ಆರಿಸಿ, ಕೆಲಸ ಮುಗಿಸುವರು. ಅವರ ಎಡದೋಳಿನ ತುಂಬ ಗುಂಡನೆಯ ಕಲೆಗಳಿದ್ದವು.

ದೇವರೆಂದರೆ ಅವರಿಗೆ ಸಿಟ್ಟು. ನಮ್ಮ ಕಡೆ ಸಿಡುಬು ಬಂದರೆ ಅಮ್ಮ ಬಂದಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಹೊರಗಿನವರು ಒಳಗೆ ಕಾಲಿಡುವಂತಿರಲಿಲ್ಲ. ಹೆಂಗಸರೊಂದಿಗೆ ಮಾತಾಡಲೆಂದು ಕೆಲವು ಸಲ ನನ್ನನ್ನೂ ಅವರೊಂದಿಗೆ ಕಳಿಸುತ್ತಿದ್ದರು. ಕುರುಗೋಡಿನ ಒಂದು ಮನೆಯಲ್ಲಿ ಹಿರಿಯ ಹುಡುಗನಿಗೆ ಸಿಡುಬು ಎದ್ದಿತ್ತು. ಎರಡು ವರ್ಷದ ತಂಗಿ ಹೊಸ್ತಿಲ ಮೇಲೆ ಆಡುತ್ತಿದ್ದಳು. ಆಗಲೇ ದಾಕು ಹಾಕಿದ್ದರೆ ಅವಳು ಉಳಿಯುವ ಸಂಭವವಿತ್ತು. ಅಮ್ಮ ಮುನಿಯುತ್ತಾಳೆಂದು ತಾಯಿ ಒಪ್ಪಲಿಲ್ಲ. ದಾಕಿನವರು ಬೇವಿನ ಸೊಪ್ಪನ್ನು ಕಿತ್ತು ಅಂಗಳಕ್ಕೆ ಎಸೆದರು.

“ನಿಮ್ಮಮ್ಮ ನನ್ನ ಕಣ್ಣು ತಿಂದಾಳ, ನನ್ನ ತಂಗೀನ ತಿಂದಾಳ. ಇನ್ನೂ ಹಸಿವು ಹೋಗಿಲ್ಲೇನು ಆಕಿದು?”

ತಾಯಿ ಕೂಸನ್ನು ಬಾಚಿಕೊಂಡು ಒಳಗೆ ಹೋಗಿ ಅಗಳಿ ಹಾಕಿದಳು. ತಿಂಗಳು ಬಿಟ್ಟು ಹೋದೆವು. ಮಲಗಿದ್ದ ಹುಡುಗ ಎದ್ದು ಓಡಾಡುತ್ತಿದ್ದ. ಆಡುತ್ತಿದ್ದ ಕೂಸು ಇರಲಿಲ್ಲ.

ಅಂದು ಅವರು ಸೈಕಲ್ ಹತ್ತಲಿಲ್ಲ. ಊರ ಹೊರಗಿನವರೆಗೂ ತಳ್ಳಿಕೊಂಡೇ ಬಂದು, “ನಾ ಬೇವು ಮುಟ್ಟದಿದ್ರ ಆಕಿ ಬಾಗಲಾ ಹಾಕತಿದ್ದಿಲ್ಲ ನರ್ಸಮ್ಮ,” ಎಂದರು. ಅದು ನಿಜವಿತ್ತು.

ಅವರ ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ, ತಮ್ಮನ ಸಂಸಾರದ ಜೊತೆ. ಕೆಲವು ತಿಂಗಳ ಮೇಲೆ ಅಲ್ಲಿಯ ಹಳೆ ಪುಸ್ತಕದ ಅಂಗಡಿಯಿಂದ ಬುದ್ಧನ ಮೇಲಿನ ತೆಲುಗು ಪುಸ್ತಕವೊಂದನ್ನು ತಂದರು. ಮಧ್ಯಾಹ್ನ ದವಾಖಾನೆಯ ಪಡಸಾಲೆಯಲ್ಲಿ ಕೂತು, ತೆಲುಗಿನಲ್ಲಿ ಓದಿ ನನಗೆ ಕನ್ನಡದಲ್ಲಿ ಹೇಳುವರು. ನನಗೆ ನಂಬಲಾಗಲಿಲ್ಲ.

“ದೇವರಿಲ್ಲ ಅಂತೀರಿ. ಮತ್ತ ಬುದ್ಧ ಯಾಕ ಬೇಕ್ರಿ ನಿಮಗ?”

“ಇದರಾಗ ದೇವರನ್ನ ನಂಬು ಅಂತ ಎಲ್ಲೂ ಇಲ್ರಿ. ದೇವರಿಲ್ಲ ಅಂತ ಬಡದಾಡು ಅಂತಾನೂ ಇಲ್ಲ. ದುಃಖ ಐತಿ, ಅದನ್ನ ನೋಡು ಅಂತೈತಿ. ಸುಳ್ಳು ಹೇಳಬ್ಯಾಡ, ಜೀವ ತೆಗೀಬ್ಯಾಡ ಅಂತೈತಿ. ನಾ ಇಷ್ಟು ದಿನಾ ಆ ಅಮ್ಮನ ಕೂಡ ಜಗಳಾಡಿದೆ. ಕುರುಗೋಡದ ಆ ತಾಯಿ ಮಾರಿ ನೋಡಿದ್ದಿಲ್ಲ.”

“ಕಷ್ಟ ಬಂದ್ರ ಯಾರನ್ನ ಕರೀತೀರಿ? ದೇವರಿಲ್ಲ. ಸತ್ತುಹೋದ ಬುದ್ಧ ಬರಂಗಿಲ್ಲ.”

ಅವರು ನಕ್ಕರು. “ನಿಮ್ಮನ್ನ ಕರೀತೀನಿ. ನೀವಾದ್ರ ಹೊತ್ತಿಗೆ ಸರಿಯಾಗಿ ಬರ್ತೀರಿ.”

ಮರುವರ್ಷದ ಬೇಸಿಗೆಯಲ್ಲಿ ದೇಶನೂರಿನಲ್ಲಿ ಸಿಡುಬು ಎದ್ದಿತು. ಅಂಥದೇ ಬಾಗಿಲು, ಅಂಥದೇ ಬೇವಿನ ಸೊಪ್ಪು. ಒಳಗೆ ಸೊಸೆ ಮಲಗಿದ್ದಳು, ಹೊರಗೆ ಮೂರು ಮಕ್ಕಳಿದ್ದವು. ಅವುಗಳ ಅಜ್ಜಿ ಬಾಗಿಲಿಗೆ ಅಡ್ಡ ಕೂತಿದ್ದಳು.

“ಅಮ್ಮನೇ ನನ್ನ ಕಳಿಸ್ಯಾಳ ಅನ್ನಪ್ಪ, ಬಿಡ್ತೀನಿ.”

“ಸುಳ್ಳು ಹೇಳಾಕ ಆಗಂಗಿಲ್ಲ ಯವ್ವಾ. ನನ್ನ ಸರಕಾರ ಕಳಿಸೈತಿ.”

ಒಂದು ಮಾತಿಗೆ ಮೂರು ಮಕ್ಕಳು ಉಳಿಯುತ್ತವೆ, ಈ ಮನುಷ್ಯ ಆ ಮಾತು ಆಡಲಾರ. ಮತ್ತೆ ಕುರುಗೋಡೇ ಆಯಿತೆಂದುಕೊಂಡೆ.

“ಹಂಗಾರ ಆಕಿಗೆ ಅಡ್ಡ ಬೀಳು,” ಎಂದಳು ಅಜ್ಜಿ. “ಕುರುಗೋಡದಾಗ ಬೇವು ಕಿತ್ತವ ನೀನ ಅಲ್ಲೇನು? ಕೇಳೀನಿ ನಿನ್ನ ಸೊಕ್ಕು.”

ದಾಕಿನವರು ಗಡಿಗೆಯನ್ನು ಕೆಳಗಿಟ್ಟರು. ಟೋಪಿ ತೆಗೆದರು. ಆ ಬೇವಿನ ಸೊಪ್ಪಿನ ಕೆಳಗೆ ಉದ್ದಕ್ಕೆ ಮಲಗಿ ನೆಲಕ್ಕೆ ಹಣೆ ಹಚ್ಚಿದರು. ನನ್ನ ಕೈಯಲ್ಲಿದ್ದ ಸ್ಪಿರಿಟ್ ಸೀಸೆ ಜಾರಿ ಬಿದ್ದು ಒಡೆಯಿತು. ಕೆಲಸದಲ್ಲಿ ಅಂದಿನವರೆಗೆ ನಾನು ಏನನ್ನೂ ಬೀಳಿಸಿದವಳಲ್ಲ. ಅವರು ಎದ್ದಾಗ ಹಣೆಗೆ ಮಣ್ಣು ಮೆತ್ತಿತ್ತು. ಅಜ್ಜಿ ಆ ಬಿಳಿಗಣ್ಣನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ದೊಡ್ಡ ಮೊಮ್ಮಗಳ ತೋಳನ್ನು ತಾನೇ ಹಿಡಿದು ಮುಂದೆ ಮಾಡಿದಳು.

ಮೂರೂ ಉಳಿದವು.

ಹಿಂದಿರುಗುವಾಗ ಕೇಳಿದೆ: “ದೇವರನ್ನ ಒಪ್ಪಿಕೊಂಡ್ರೇನ್ರಿ?”

“ಇಲ್ರಿ. ದೇವರು ನನಗ ಇವತ್ತೂ ಇಲ್ಲ. ಆದ್ರ ಮೊದಲ ಆಗಿದ್ರ ನಾ ಬಾಗತಿದ್ದಿಲ್ಲ. ದೇವರಿಲ್ಲ ಅನ್ನೋ ಮಾತ ನನಗ ಮಕ್ಕಳಿಗಿಂತ ದೊಡ್ಡದಾಗಿತ್ತು. ಆ ಮುದುಕಿ ಅಂಜಿದ್ಲು, ಆಕಿ ಅಂಜಿಕಿಗೆ ಬಾಗಿದೆ. ಬೆನ್ನು ಏನೂ ಮುರೀಲಿಲ್ಲ.”

ಅದಾಗಿ ವರ್ಷ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಬಳ್ಳಾರಿ ಬಸ್ಸಿನ ಡ್ರೈವರ್ ದವಾಖಾನೆಯ ಬಾಗಿಲಿಗೆ ಬಂದ.

“ನರ್ಸಮ್ಮ, ದಾಕಿನವರು ಬಳ್ಳಾರಿ ದವಾಖಾನ್ಯಾಗ ಅದಾರ. ಟೈಫಾಯ್ಡ್ ಅಂತ. ನಿಮ್ಮನ್ನ ಕರಕೊಂಡು ಬಾ ಅಂದಾರ. ನಾಕಕ್ಕ ಗಾಡಿ ಬಿಡ್ತೀನಿ, ಬರ್ರಿ.”

ಅಂದು ಹೆರಿಗೆ ಇರಲಿಲ್ಲ. ಕಾಯುವ ರೋಗಿಗಳೂ ಇರಲಿಲ್ಲ. ಬೆಳಿಗ್ಗೆ ಬಳಸಿದ ಸಲಕರಣೆ ಮತ್ತೆ ಕುದಿಸಬೇಕಿತ್ತು, ರಿಜಿಸ್ಟರ್ ಬರೆಯಬೇಕಿತ್ತು. ಆರಕ್ಕೆ ಮುಗಿಯುವ ಕೆಲಸ. ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆಂದು ಹೇಳಿ ಕಳಿಸಿದೆ. ಸಂಜೆ ದೀಪ ಹಚ್ಚಿ ಅವರಿಗಾಗಿ ದೇವರನ್ನು ಬೇಡಿಕೊಂಡೆ.

ಮರುದಿನ ಒಂಬತ್ತಕ್ಕೆ ಬಳ್ಳಾರಿ ತಲುಪಿದೆ. ಅವರ ತಮ್ಮ ವಾರ್ಡಿನ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಆ ತೆಲುಗು ಪುಸ್ತಕವಿತ್ತು.

“ನಸುಕಿನ್ಯಾಗ ಹೋದ,” ಎಂದ. “ಗಂಗಾಜಲ ಬಿಡ್ಲೇನಣ್ಣ ಅಂದೆ. ಬ್ಯಾಡ ಅಂದ. ಸಿರಗುಪ್ಪಿ ಬಸ್ಸು ಬಂತೇನು ನೋಡು ಅಂದ. ಎರಡು ಸಲ ಅಂದ.”

ಕೈಚೀಲ ಹಿಡಿದುಕೊಂಡು ನಾನು ಅಲ್ಲೇ ನಿಂತೆ. ಕಷ್ಟ ಬಂದರೆ ಯಾರನ್ನು ಕರೆಯುತ್ತೀರೆಂದು ಕೇಳಿದವಳು ನಾನೇ. ಅವರು ಹೇಳಿದಂತೆಯೇ ಕರೆದಿದ್ದರು.

ದೀಪ ಹಚ್ಚುವುದನ್ನು ನಾನು ಬಿಟ್ಟಿಲ್ಲ. ಕೊನೆಕೊನೆಗೆ ಅವರೂ ಅದನ್ನು ಆಡಿಕೊಳ್ಳುವುದನ್ನು ಬಿಟ್ಟಿದ್ದರು. ದೇವರನ್ನು ನಂಬದವರಿಗೆ ಬುದ್ಧ ಏನು ಕೊಟ್ಟಾನು ಎಂದು ಯಾರಾದರೂ ವಾದಕ್ಕೆ ಬಂದರೆ ದೇಶನೂರಿನ ಮಣ್ಣು ಮೆತ್ತಿದ ಆ ಹಣೆ ನನ್ನ ಕಣ್ಣಿಗೆ ಬರುತ್ತದೆ. ಈ ವಯಸ್ಸಿನಲ್ಲೂ ನನ್ನ ದಿನ ಗಡಿಯಾರದ ಪ್ರಕಾರವೇ ನಡೆಯುತ್ತದೆ. ಆದರೆ ಬಾಗಿಲಲ್ಲಿ ನಿಂತು ಯಾರಾದರೂ ಕರೆದರೆ, ಬರೆಯುತ್ತಿದ್ದ ಪೆನ್ನಿನ ಮುಚ್ಚಳವನ್ನೂ ಹಾಕದೆ ಎದ್ದು ಹೋಗುತ್ತೇನೆ.