ಪರದೆಯ ಹಿಂದೆ ಕಲಿತ ಎಡಗಾಲು

ನಾನು ಸಿನಿಮಾ ನೋಡಲು ಕಲಿತದ್ದು ಪರದೆಯ ಹಿಂದೆ ಕೂತು. ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ಬಸವನ ಬಾಗೇವಾಡಿಯಲ್ಲಿ ಡೇರೆ ಹಾಕುತ್ತಿದ್ದ ಟೂರಿಂಗ್ ಟಾಕೀಜಿನಲ್ಲಿ ಮುಂದಿನ ಜಾಗ ತುಂಬಿದರೆ ಉಳಿದವರನ್ನು ಪರದೆಯ ಬೆನ್ನಿಗೆ ಕೂರಿಸುತ್ತಿದ್ದರು. ತೆಳು ಬಟ್ಟೆ, ಚಿತ್ರ ಆ ಕಡೆಯಿಂದಲೂ ಕಾಣುತ್ತಿತ್ತು. ಅಕ್ಷರಗಳು ಮಾತ್ರ ತಿರುಗಿ ಕಾಣುತ್ತಿದ್ದವು. ಮುಳವಾಡದ ಶಾಲೆಯಲ್ಲಿ ಅಕ್ಷರ ಕಲಿಸುವ ಮಾಸ್ತರನಾದ ನಾನು ಅವನ್ನು ಓದಲಾಗದೆ, ಓದಿದವನಂತೆ ತಲೆಯಾಡಿಸುತ್ತಿದ್ದೆ.

ಒಮ್ಮೆ ನನ್ನ ಜೊತೆ ನಮ್ಮೂರಿನ ಹಗ್ಗ ಜಗ್ಗುವ ತಂಡದ ಎಂಟೂ ಜನ ಬಂದಿದ್ದರು. ಇಂಡಿ ಊರಿನವರ ಕೈಯಲ್ಲಿ ಮೂರು ವರ್ಷ ಬಿಡದೆ ಸೋತ ತಂಡ. ಒಬ್ಬೊಬ್ಬನೂ ಎತ್ತಿನಂಥವನೇ, ಆದರೆ ಒಬ್ಬ ಜಗ್ಗುವಾಗ ಇನ್ನೊಬ್ಬ ಮೀಸೆ ತಿರುವುತ್ತಿದ್ದ. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಕೊನೆಗೆ ನಿಲ್ಲುವ ಹಿರಿಯರು ಹುಸೇನಸಾಬರು. ಈ ಸಲ ಸೋತರೆ ಇನ್ನೆಂದೂ ಹಗ್ಗ ಮುಟ್ಟುವುದಿಲ್ಲ ಎಂದು ಅವರು ಆಣೆ ಮಾಡಿದ್ದರು.

ಚಿತ್ರದಲ್ಲಿ ಸೈನಿಕರು ತೋಪನ್ನು ಗುಡ್ಡಕ್ಕೆ ಎಳೆಯುವ ದೃಶ್ಯವೊಂದಿತ್ತು. ಒಬ್ಬ ಕೂಗುತ್ತಾನೆ, ಎಲ್ಲರೂ ಒಂದೇ ಕಾಲು ಮುಂದೆ ಊರಿ ಒಂದೇ ಉಸಿರಿಗೆ ಜಗ್ಗುತ್ತಾರೆ. ಆಮೇಲೆ ನಾಯಕಿ ಎಷ್ಟು ಅತ್ತರೂ ನಮ್ಮವರಿಗೆ ತೋಪಿನದೇ ಮಾತು. ಮರುದಿನದಿಂದಲೇ ತಾಲೀಮು ಶುರುವಾಯಿತು. ಕೂಗುವ ಕೆಲಸ ನನ್ನದು. ತೋಳಿನಲ್ಲಿ ಕಸುವಿಲ್ಲದವನಿಗೆ ಗಂಟಲಾದರೂ ಇರಬೇಕಲ್ಲ. ಎಂಟು ಎಡಗಾಲುಗಳು ಒಟ್ಟಿಗೆ ನೆಲಕ್ಕೆ ಬೀಳಲು ಒಂದು ತಿಂಗಳು ಹಿಡಿಯಿತು.

ಪಂದ್ಯದ ದಿನ ಬಾಗೇವಾಡಿಯ ಮೈದಾನಕ್ಕೆ ಟಾಕೀಜಿನ ಆಪರೇಟರನೂ ಬಂದಿದ್ದ. ನಮ್ಮವರು ಕಾಲು ಊರಿ ನೋಡುತ್ತಿದ್ದಾಗ ನಕ್ಕು, “ಮಾಸ್ತರ, ಪಿಚ್ಚರಿನಾಗ ಅವರು ಊರಿದ್ದು ಬಲಗಾಲರಿ. ನೀವು ಹಿಂದ ಕುಂತು ನೋಡೀರಿ” ಎಂದ.

ಮಕ್ಕಳಿಗೆ ದಿನಾ ಕವಾಯತು ಮಾಡಿಸುವ ನಾನೇ ಎಡಬಲ ತಪ್ಪಿದ್ದೆ. ಕಾಲು ಬದಲಿಸೋಣವೇ ಎಂದು ಹುಸೇನಸಾಬರನ್ನು ಕೇಳಿದೆ.

“ಎಂಟೂ ಮಂದೀದು ಎಡಗಾಲ ಐತಿಲ್ರಿ?” ಎಂದರು.

“ಹೌದ್ರಿ.”

“ಮತ್ತ ನೀವು ಸುಮ್ಮ ಕೂಗ್ರಿ.”

ಕೂಗಿದೆ. ಮೂರನೆಯ ಕೂಗಿಗೆ ಇಂಡಿಯವರ ಮುಂದಾಳು ಗೆರೆ ದಾಟಿ ನಮ್ಮ ಕಡೆಗೆ ಬಂದುಬಿಟ್ಟ. ಹುಸೇನಸಾಬರು ಸೊಂಟದ ಹಗ್ಗ ಬಿಚ್ಚದೆಯೇ ಚಹಾದ ಅಂಗಡಿಗೆ ನಡೆದರು. ಹಗ್ಗದ ಇನ್ನೊಂದು ತುದಿ ಹಿಡಿದು ಇಡೀ ಮುಳವಾಡ ಅವರ ಹಿಂದೆ ನಡೆಯಿತು. ಒಂದು ಎಳೆಯನ್ನೂ ಜಗ್ಗದ ನನ್ನನ್ನು ಎಂಟೂ ಜನ ಅಪ್ಪಿಕೊಂಡರು. ಪಕ್ಕೆ ವಾರವಿಡೀ ನೋಯಿತು, ಅಷ್ಟು ಸುಖದ ನೋವನ್ನು ನಾನು ಮತ್ತೆ ಉಂಡಿಲ್ಲ.

ಅಂದಿನಿಂದ ಕವಾಯತಿನಲ್ಲಿ ಇಡೀ ಸಾಲು ತಪ್ಪು ಕಾಲಿಟ್ಟರೆ ನಾನು ಸುಮ್ಮನಿರುತ್ತಿದ್ದೆ. ಒಬ್ಬನೇ ಸರಿಯಾದ ಕಾಲಿಟ್ಟವನನ್ನು ಮಾತ್ರ ಪಕ್ಕಕ್ಕೆ ಕರೆದು, ಹುಸೇನಸಾಬರ ಕತೆ ಹೇಳುತ್ತಿದ್ದೆ.