ಪಟಕ್ಕೊಂದು ಕೊಳವೆ

ಮೂವತ್ತೊಂದು ವರ್ಷ ಚೆನ್ನೈನ ಕಾಲೇಜೊಂದರಲ್ಲಿ ಗಣಿತ ಪಾಠ ಹೇಳಿದವನು ನಾನು. ಸಿಲಿಂಡರಿನ ಘನಫಲ ಕಂಡುಹಿಡಿಯುವುದು ಹೇಗೆಂದು ಎಷ್ಟು ಮಕ್ಕಳ ತಲೆಗೆ ತುಂಬಿದ್ದೇನೋ ನೆನಪಿಲ್ಲ. ಪೈ ಆರ್ ಸ್ಕ್ವೇರ್ ಎಚ್ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೆ ನಿವೃತ್ತನಾದ ಎರಡನೆಯ ವರ್ಷ ನನ್ನ ಅಕ್ಕ, ಅಂಗಡಿಗೆ ಹೋಗಿ ಒಂದು ಸಿಲಿಂಡರ್ ಆರಿಸಿಕೊಂಡು ಬಾ ಎಂದಾಗ ಕೈಕಾಲೇ ಆಡಲಿಲ್ಲ. ಗ್ಯಾಸ್ ಸಿಲಿಂಡರ್ ಅಲ್ಲ, ಅದಾದರೆ ಮನೆ ಬಾಗಿಲಿಗೇ ಬರುತ್ತದೆ. ಚಿತ್ರವನ್ನು ಸುತ್ತಿ ಒಳಗಿಟ್ಟು ಹೊತ್ತುಕೊಂಡು ಹೋಗುವ ಕೊಳವೆ.

ನೀವೂ ನೋಡಿರುತ್ತೀರಿ. ಅಡ್ಯಾರಿನ ಬಸ್ಸಿನಲ್ಲಿ ಕಟ್ಟಡದ ನಕ್ಷೆ ಕಲಿಯುವ ಹುಡುಗ ಹುಡುಗಿಯರು ಬೆನ್ನಿಗೆ ಕಪ್ಪು ಕೊಳವೆ ನೇತುಹಾಕಿಕೊಂಡು ಹತ್ತುತ್ತಾರೆ. ಅದು ಹಿಂದೆ ಕೂತವರ ಮೂಗಿಗೆ ತಾಗುತ್ತದೆ, ಮುಂದೆ ನಿಂತವರ ಜಡೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ನನ್ನ ಮೂಗಿಗೂ ಎಷ್ಟೋ ಸಲ ತಾಗಿದೆ. ಆದರೂ ಅದರೊಳಗೆ ಏನಿದೆ, ಅದು ಎಷ್ಟು ಅಗಲ, ಯಾಕೆ ಅಷ್ಟೇ ಅಗಲ ಎಂದು ಒಮ್ಮೆಯೂ ಕುತೂಹಲ ಹುಟ್ಟಲಿಲ್ಲ. ಮೂಗು ಉಜ್ಜಿಕೊಂಡು ಸುಮ್ಮನಾಗುತ್ತಿದ್ದೆ.

ಈಗ ಅಕ್ಕನ ವಿಷಯ ಹೇಳಬೇಕು. ನಾವು ಕುಂದಾಪುರದ ಕಡೆಯವರು. ನನ್ನ ಭಾವ, ಅಂದರೆ ಅಕ್ಕನ ಗಂಡ, ವಡಪಳನಿಯಲ್ಲಿ ಸಣ್ಣದೊಂದು ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಮದುವೆಯಾಗಿ ಬಂದಾಗಿನಿಂದ ಅಕ್ಕ ಆ ಹೋಟೆಲಿನ ಚಟ್ನಿಯ ಹದ ನೋಡುತ್ತ, ಬೆಳಗಿನ ಹಿಟ್ಟಿನ ಹುಳಿ ನೋಡುತ್ತ ಅರವತ್ತು ದಾಟಿದಳು. ಐವತ್ತೈದರ ಸುಮಾರಿಗೆ, ಎಲ್ಲರೂ ಮಂಡಿನೋವಿಗೆ ಎಣ್ಣೆ ಹುಡುಕುವ ವಯಸ್ಸಿನಲ್ಲಿ, ಇವಳು ಮರದಚ್ಚಿನ ಚಿತ್ರ ಮಾಡಲು ಕಲಿತಳು. ಹಲಗೆ ಕೆತ್ತುವುದು, ಶಾಯಿ ಬಳಿಯುವುದು, ಮೇಲೆ ಕಾಗದ ಹಾಸಿ ಒತ್ತುವುದು. ಯಾರಾದರೂ ಕೇಳಿದರೆ, "ಪುರುಸೊತ್ತಾದಾಗ ಹೀಂಗೇ ಕೆತ್ತುದ್" ಎಂದು ಹೇಳಿ ಹಲಗೆಯನ್ನು ಮಂಚದ ಕೆಳಗೆ ತಳ್ಳುತ್ತಿದ್ದಳು.

ಅವಳು ಮಾಡುವ ಚಿತ್ರದಲ್ಲೊಂದು ಕ್ರಮವಿದೆ, ಅದು ನನಗೆ ಮೊದಲು ಅರ್ಥವಾಗಲಿಲ್ಲ. ಒಂದೇ ಹಲಗೆ. ಮೊದಲು ಸ್ವಲ್ಪ ಕೆತ್ತಿ ಹಳದಿ ಒತ್ತುವುದು. ಅದೇ ಹಲಗೆಯನ್ನು ಇನ್ನಷ್ಟು ಕೆತ್ತಿ, ಹಳದಿಯ ಮೇಲೆ ಕಂದು ಒತ್ತುವುದು. ಮತ್ತೆ ಕೆತ್ತಿ ಕಪ್ಪು. ಚಿತ್ರ ಮುಗಿಯುವಷ್ಟರಲ್ಲಿ ಹಲಗೆಯೂ ಮುಗಿದಿರುತ್ತದೆ. ಇನ್ನೊಂದು ಪ್ರತಿ ಬೇಕೆಂದರೆ ದೇವರೇ ಬಂದರೂ ಸಿಗದು. ಹೋಟೆಲಿನ ಬೆಳಗಿನ ಅಡುಗೆಮನೆಯ ಚಿತ್ರವನ್ನು ಅವಳು ಐದು ಕಾಗದದ ಮೇಲೆ ಒತ್ತಿದ್ದಳು. ನಾಲ್ಕರಲ್ಲಿ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರಲಿಲ್ಲ. ಉಳಿದದ್ದು ಒಂದೇ ಒಂದು.

ಆ ಒಂದನ್ನು ಮೈಸೂರಿನ ಒಂದು ಪ್ರದರ್ಶನಕ್ಕೆ ಆರಿಸಿದ್ದರು. ಅರ್ಜಿಯಲ್ಲಿ ಅವಳು ಪೂರ್ತಿ ಹೆಸರು ಬರೆಯಲೂ ನಾಚಿಕೊಂಡು "ವಿ. ಎನ್. ರಾವ್" ಎಂದಷ್ಟೇ ಹಾಕಿದ್ದಳು. ಚೌಕಟ್ಟು ನಾವೇ ಹಾಕಿಸುತ್ತೇವೆ, ಚಿತ್ರವನ್ನು ಮಾತ್ರ ಸುತ್ತಿ ತನ್ನಿ ಎಂದು ಅವರು ಬರೆದರು. ಕೊರಿಯರಿನವರ ಕೈಗೆ ಕೊಡಲು ಅಕ್ಕ ಒಪ್ಪಲಿಲ್ಲ. ಕೊಳವೆ ತರುವುದಕ್ಕೆ ನಾನು, ಅದನ್ನು ಹೊತ್ತು ಅವಳ ಜೊತೆ ಮೈಸೂರಿಗೆ ಹೋಗುವುದಕ್ಕೂ ನಾನು ಎಂದು ತೀರ್ಮಾನವಾಯಿತು. ಮನೆಯಲ್ಲಿ ಬೇರೆ ಕೆಲಸವಿಲ್ಲದವನು ನಾನೊಬ್ಬನೇ.

ಆವತ್ತಿನಿಂದ ಶುರುವಾಯಿತು ನನ್ನ ಸಂಶೋಧನೆ. ಒಂದು ನೋಟುಪುಸ್ತಕ ತಂದೆ. ಫೋನಿನಲ್ಲಿ ಲೋಕದ ಕೊಳವೆಗಳನ್ನೆಲ್ಲ ನೋಡಿದೆ. ರಟ್ಟಿನ ಕೊಳವೆ ಹಗುರ, ಆದರೆ ಚೆನ್ನೈನ ಗಾಳಿಯ ನೀರನ್ನೆಲ್ಲ ಕುಡಿದು ಮೆತ್ತಗಾಗುತ್ತದೆ. ಎಳೆದು ಉದ್ದ ಮಾಡುವ ಪ್ಲಾಸ್ಟಿಕ್ ಕೊಳವೆ ನೋಡಲು ಚೆಂದ, ಆದರೆ ಎರಡು ಭಾಗ ಸೇರುವಲ್ಲಿ ಒಳಗೊಂದು ಮೆಟ್ಟಿಲಿರುತ್ತದೆ, ಕಾಗದದ ಅಂಚು ಅಲ್ಲಿ ತಗಲಿ ಮುದುಡುತ್ತದೆ. ಕೊಳವೆ ಚಿತ್ರದ ಅಗಲಕ್ಕಿಂತ ಕನಿಷ್ಠ ನಾಲ್ಕು ಬೆರಳು ಉದ್ದ ಇರಬೇಕು. ಚಿತ್ರಕ್ಕೆ ರಬ್ಬರ್ ಬ್ಯಾಂಡ್ ಹಾಕುವುದು ಮಹಾಪಾಪ. ಇಷ್ಟನ್ನೆಲ್ಲ ಬರೆದುಕೊಂಡು ಒಂದು ವಾರ ಕಳೆದರೂ ಕೈಯಲ್ಲಿ ಕೊಳವೆ ಮಾತ್ರ ಇರಲಿಲ್ಲ.

ಕೊನೆಗೆ ಅಕ್ಕನ ಗೊಣಗಾಟಕ್ಕೆ ಹೆದರಿ ಅಂಗಡಿಗೆ ಹೊರಟೆ. ಇಲ್ಲಿ ನನ್ನ ಭಾಷಾಜ್ಞಾನ ಅಡ್ಡ ಬಂತು. ಚೆನ್ನೈನಲ್ಲಿ ನೆಲೆಸಿದ ನಮ್ಮಂಥವರಿಗೆ ಒಂದು ಗಟ್ಟಿ ನಂಬಿಕೆಯಿದೆ. ಯಾವ ಕನ್ನಡ ಪದವನ್ನಾದರೂ ನಾಲಗೆಯನ್ನು ಸ್ವಲ್ಪ ಮಡಚಿ ಹೇಳಿದರೆ ಅದು ತಮಿಳಾಗುತ್ತದೆ ಎಂದು. ನೂರಕ್ಕೆ ಎಪ್ಪತ್ತು ಸಲ ಆಗಿಯೂ ಬಿಡುವುದರಿಂದ ಉಳಿದ ಮೂವತ್ತು ಸಲ ನಾವು ಪೇಚಿಗೆ ಸಿಲುಕುತ್ತೇವೆ. ಕೊಳವೆ, ಕೊಳಲು, ಕೊಳಾಯಿ ಎಲ್ಲ ಒಂದೇ ಮನೆಯ ಮಕ್ಕಳು. ನಡುವೆ ಇದ್ದ ಹಳಗನ್ನಡದ ೞಕಾರವನ್ನು ನಾವು ಎಂದೋ ಕೈಬಿಟ್ಟೆವು, ತಮಿಳರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಹಾಗಾಗಿ ನಾನು ವಡಪಳನಿಯ ಸ್ಟೇಷನರಿ ಅಂಗಡಿಯಲ್ಲಿ ನಿಂತು, ನಾಲಗೆಯನ್ನು ಹಿಂದಕ್ಕೆ ಸುತ್ತಿ, ಬಲು ಶುದ್ಧವಾಗಿ "ಕುೞಾಯ್" ಬೇಕೆಂದೆ.

"ಕುೞಾಯಾ? ಪಕ್ಕತ್ತು ಹಾರ್ಡ್‌ವೇರ್ ಕಡೈಲ ಕೇಳುಂಗ ಸಾರ್" ಎಂದು ಅವನು ಪಕ್ಕದ ಅಂಗಡಿಗೆ ಕೈ ತೋರಿಸಿದ.

ತಮಿಳಿನಲ್ಲಿ ಆ ಪದ ಕೇಳಿದವರಿಗೆ ಮೊದಲು ನೆನಪಾಗುವುದು ನಲ್ಲಿ. ಅದು ನನಗೆ ಹೊಳೆಯದೆ, ಹೇಳಿದವನನ್ನು ನಂಬಿ ಪಕ್ಕದ ಅಂಗಡಿಗೆ ಹೋದೆ. ಅಲ್ಲಿ ತಣ್ಣೀರಿಗೋ ಬಿಸಿನೀರಿಗೋ ಎಂದು ವಿಚಾರಿಸಿದರು. ನೀರಿಗಲ್ಲಪ್ಪ, "ಪಡತ್ತುಕ್ಕು" ಎಂದೆ. ನಮ್ಮ ಪಟವೇ ಅವರ ಪಡಂ. ಗೋಡೆಯ ಮೇಲಿನ ದೇವರ ಪಟಕ್ಕೂ ಅದೇ ಮಾತು. ಆದರೆ ನಾನು ನಿಂತಿದ್ದದ್ದು ಸ್ಟುಡಿಯೋಗಳ ವಡಪಳನಿಯಲ್ಲಿ. ಅಲ್ಲಿ ಪಡಂ ಎಂದರೆ ಸಿನಿಮಾ.

ಅಂಗಡಿಯವನ ಮುಖ ಅರಳಿತು. "ಎನ್ನ ಪಡಂ ಸಾರ್? ಹೀರೋ ಯಾರು?" ಎನ್ನುತ್ತ ಒಳಗೆ ಹೋಗಿ, ಉದ್ದಕ್ಕೂ ತೂತು ಕೊರೆದ ಎರಡಾಳುದ್ದದ ಪೈಪೊಂದನ್ನು ಹೆಗಲ ಮೇಲೆ ಹೊತ್ತು ತಂದ. ಸಿನಿಮಾದಲ್ಲಿ ಮಳೆ ಸುರಿಸುವ ಪೈಪು. ನಾಯಕ ನಾಯಕಿ ಎಷ್ಟು ಒದ್ದೆಯಾಗಬೇಕೋ ಅದಕ್ಕೆ ತಕ್ಕಂತೆ ತೂತಿನ ಅಳತೆ ಬೇರೆ ಬೇರೆ ಇದೆಯಂತೆ. ನಾನೂ ಎಂಥವನು ನೋಡಿ, ಬಂದ ಕೆಲಸ ಮರೆತು ಅರ್ಧ ಗಂಟೆ ಸಿನಿಮಾದ ಮಳೆಯ ಬಗ್ಗೆ ಅವನಿಂದ ಪಾಠ ಹೇಳಿಸಿಕೊಂಡು ಬರಿಗೈಯಲ್ಲಿ ಹೋಟೆಲಿಗೆ ಬಂದೆ.

ಹೋಟೆಲಿನಲ್ಲಿ ದೋಸೆ ಹೊಯ್ಯುವವನು ಸೂರಣ್ಣ. ಭಾವನ ಜೊತೆಗೇ ಊರಿನಿಂದ ಬಂದವನು, ಕಾವಲಿಯ ಮುಂದೆ ನಿಂತೇ ಮುದುಕನಾದವನು. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಗೋಳು ಕೇಳಿದ. ನಾನು ನೋಟುಪುಸ್ತಕ ತೆರೆದು, ಎರಡು ಅಂಗುಲ ಅಗಲದ ಕೊಳವೆ ಸಾಕೋ ನಾಲ್ಕು ಬೇಕೋ, ಚಿತ್ರದ ಮುಖ ಒಳಗಿರಬೇಕೋ ಹೊರಗಿರಬೇಕೋ ಎಂಬುದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ ಎಂದು ವಿವರಿಸಿದೆ. ಅವನಿಗೆ ನಗು ಬಂತು. ಹಿಟ್ಟು ತೆಗೆದು ಒಂದು ಪೇಪರ್ ದೋಸೆ ಹೊಯ್ದ. ಬೆಂದ ಮೇಲೆ ಅದನ್ನು ಸಣ್ಣಗೆ, ಬಿಗಿಯಾಗಿ ಸುತ್ತಿದ. ದೋಸೆ ಚಟಚಟ ಒಡೆಯಿತು. ಇನ್ನೊಂದು ಹೊಯ್ದು, ಕೆಂಪಗೆ ಬೆಂದ ಬದಿ ಹೊರಗೆ ಬರುವಂತೆ, ಮಧ್ಯೆ ತೋಳು ತೂರುವಷ್ಟು ಜಾಗ ಬಿಟ್ಟು ಸುತ್ತಿದ. ಒಂದು ಬಿರುಕೂ ಇಲ್ಲ.

"ಕಾಣಿ ಮೇಷ್ಟ್ರೆ," ಎಂದ. "ಸಪೂರ ಸುತ್ತಿರೆ ಒಡಿತ್ತ್. ಹೊಟ್ಟಿ ದೊಡ್ಡ ಇರ್ಕ್. ಬಣ್ಣದ ಬದಿ ಹೊರಗಿರ್ಕ್. ಇದಕ್ಕೆಲ್ಲ ಪುಸ್ತಕ ಎಂತಕೆ ಮಾರಾಯ್ರೆ?"

ನಾನು ಎರಡು ದೋಸೆಯನ್ನೂ ತಿಂದು, ನೋಟುಪುಸ್ತಕದಲ್ಲಿ "ಹೊಟ್ಟೆ ದೊಡ್ಡ ಇರಬೇಕು" ಎಂದು ಬರೆದುಕೊಂಡೆ. ತ್ರಿಜ್ಯ ಹೆಚ್ಚಾದಷ್ಟೂ ಬಾಗು ಕಡಿಮೆ ಎಂದು ಮೂವತ್ತೊಂದು ವರ್ಷ ನಾನೇ ಹೇಳಿದ್ದೆ. ಅದು ತಿನ್ನುವ ವಸ್ತುವಿಗೂ ಅನ್ವಯಿಸುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ.

ಆಮೇಲೆ ಕೆಲಸ ಸಲೀಸಾಯಿತು. ಪರದೆ ಬಟ್ಟೆ ಮಾರುವ ಅಂಗಡಿಯಲ್ಲಿ, ಬಟ್ಟೆ ಸುತ್ತಿ ಬರುವ ದಪ್ಪ ರಟ್ಟಿನ ಕೊಳವೆಗಳು ಮೂಲೆಯಲ್ಲಿ ಬಿದ್ದಿದ್ದವು. ಅಂಬತ್ತೂರಿನ ಯಾವುದೋ ಕಾರ್ಖಾನೆಯಲ್ಲಿ ಮಾಡುತ್ತಾರಂತೆ, ಮೇಲೆ ಕೂತರೂ ಬಗ್ಗುವುದಿಲ್ಲ. ಐದು ಅಂಗುಲ ಅಗಲದ್ದೊಂದನ್ನು ಬೇಕಾದ ಉದ್ದಕ್ಕೆ ಕೊಯ್ದುಕೊಟ್ಟರು. ತೇವ ಕುಡಿಯದಂತೆ ಹೊರಗೆ ನಾನೇ ಪ್ಲಾಸ್ಟಿಕ್ ಹಾಳೆ ಸುತ್ತಿದೆ. ಎರಡು ಬದಿಗೆ ಮುಚ್ಚಳ ಹುಡುಕುವಾಗ ಹೋಟೆಲಿನ ಸಾಂಬಾರು ಪಾರ್ಸೆಲ್ ಡಬ್ಬಿಯ ಮುಚ್ಚಳ, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತುಬಿಟ್ಟಿತು. ಹಳೆಯ ಚೀಲದ ಪಟ್ಟಿ ಹೊಲಿಸಿ ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಸುಳ್ಳೇಕೆ, ನನಗೆ ಅದು ಒಪ್ಪುತ್ತಿತ್ತು.

ಹೊರಡುವ ಹಿಂದಿನ ಸಂಜೆ ಅಕ್ಕ ಚಿತ್ರಕ್ಕೆ ಬೆಣ್ಣೆ ಕಾಗದ ಹಾಸಿ, ಮುಖ ಹೊರಗೆ ಮಾಡಿ ಸುತ್ತಿ, ಮೇಲೆ ಮತ್ತೊಂದು ಬೆಣ್ಣೆ ಕಾಗದ ಹೊದಿಸಿ ನನ್ನ ಕೈಗೆ ಕೊಟ್ಟಳು. "ಹೋಯ್ತಂದ್ರೆ ಹೋಯ್ತ್, ಮತ್ತೆ ಒತ್ತುಕೆ ಹಲಗೆ ಇಲ್ಲೆ ಮಾರಾಯ" ಎಂದಳು. ನಾನು ಒಳಗಿಟ್ಟು ಮುಚ್ಚಳ ಒತ್ತಿದೆ.

ರೈಲಿನಲ್ಲಿ ನಡೆದದ್ದನ್ನು ಹೇಳಲು ಸ್ವಲ್ಪ ಸಂಕೋಚ. ಕೊಳವೆಯನ್ನು ನಾನು ಮೇಲೆಯೂ ಇಡಲಿಲ್ಲ, ಕೆಳಗೂ ಇಡಲಿಲ್ಲ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಬೆಂಗಳೂರಿನಲ್ಲಿ ಹತ್ತಿ ಎದುರಿಗೆ ಕೂತ ಹಿರಿಯರೊಬ್ಬರು, "ತಾವು ಆರ್ಟಿಸ್ಟಾ?" ಎಂದು ಗೌರವದಿಂದ ಕೇಳಿದರು. ಅಲ್ಲ ಎನ್ನಲು ಬಾಯಿ ತೆರೆದೆ. ಬಂದ ಮಾತು ಮಾತ್ರ, "ಹೀಗೇ, ಏನೋ ಸ್ವಲ್ಪ" ಎಂಬುದು. ಅವರು ಸೀಟಿನಲ್ಲಿ ಸರಿದು ನನ್ನ ಕೊಳವೆಗೆ ಜಾಗ ಮಾಡಿಕೊಟ್ಟರು. ಗಣಿತ ಮೇಷ್ಟರಿಗೆ ಯಾರೂ ಹಾಗೆ ಜಾಗ ಮಾಡಿಕೊಟ್ಟದ್ದಿಲ್ಲ. ಪಕ್ಕದಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಮೈಸೂರಿನಲ್ಲಿ ಪ್ರದರ್ಶನದ ಉಸ್ತುವಾರಿ ನೋಡುತ್ತಿದ್ದದ್ದು ಮೂವತ್ತರ ಆಸುಪಾಸಿನ ಚುರುಕಾದ ಹೆಂಗಸು. ನನ್ನ ಹೆಗಲು ಕಂಡದ್ದೇ ಓಡಿ ಬಂದಳು. "ಬನ್ನಿ ರಾವ್ ಸಾರ್, ನಿಮ್ಮದೊಂದೇ ಬಾಕಿ ಇತ್ತು" ಎಂದು ನನಗೆ ಕುರ್ಚಿ ಹಾಕಿಸಿದಳು, ಕಾಫಿ ತರಿಸಿದಳು. ನಾನು ರಾವ್ ಅಲ್ಲ ಎಂದು ತಕ್ಷಣ ಹೇಳಬೇಕಿತ್ತು. ಕಾಫಿ ಬಿಸಿಯಾಗಿತ್ತು. ಒಂದು ಗುಟುಕು ಕುಡಿದು ಹೇಳೋಣ ಎಂದುಕೊಂಡೆ. ಅಕ್ಕ ನನ್ನ ಹಿಂದೆ, ಚೀಲ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು.

ಮುಚ್ಚಳ ತೆಗೆದೆ. ಚಿತ್ರ ಹೊರಗೆ ಬರಲಿಲ್ಲ.

ಸುರುಳಿ ದಾರಿಯಲ್ಲಿ ಬಿಚ್ಚಿಕೊಂಡು ಕೊಳವೆಯ ಒಳಗೋಡೆಗೆ ಗಟ್ಟಿಯಾಗಿ ಆತುಕೊಂಡಿತ್ತು. ಸುರುಳಿಯ ಮೇಲೊಂದು ಬಟ್ಟೆಯ ಪಟ್ಟಿಯನ್ನು ಸಡಿಲವಾಗಿ ಕಟ್ಟಬೇಕು ಎಂದು ನೋಟುಪುಸ್ತಕದಲ್ಲಿ ನಾನೇ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ. ಕಟ್ಟಲು ಮರೆತಿದ್ದೆ. ಎರಡು ಬೆರಳಲ್ಲಿ ಅಂಚು ಹಿಡಿದು ಎಳೆದೆ. ಬೆಣ್ಣೆ ಕಾಗದ ಪರ್ರೆಂದು ಹರಿಯಿತು. ಇನ್ನೊಂದು ಸಲ ಎಳೆದರೆ ಹರಿಯುವುದು ಬೆಣ್ಣೆ ಕಾಗದವಾಗಿರಲಿಲ್ಲ.

"ಬಿಡಾ. ನೀ ಎಳಿಬೇಡ," ಎಂದಳು ಅಕ್ಕ.

ಚೀಲ ಕೆಳಗಿಟ್ಟು, ಬಳೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, ಕೊಳವೆಯೊಳಗೆ ಕೈ ತೂರಿಸಿದಳು. ಎಳೆಯಲಿಲ್ಲ. ಸುತ್ತಿದ ದಿಕ್ಕಿಗೇ ಒಳಗಿನಿಂದ ಮೆಲ್ಲಗೆ ತಿರುವಿದಳು. ಸುರುಳಿ ಇನ್ನಷ್ಟು ಬಿಗಿಯಾಗಿ, ಗೋಡೆಯನ್ನು ಬಿಟ್ಟು, ತಾನಾಗಿ ಅವಳ ಕೈ ಹಿಂದೆಯೇ ಹೊರಗೆ ಬಂತು. ಮೇಜಿನ ಮೇಲೆ ಬಿಚ್ಚಿದಳು. ಒಂದು ಗೀರೂ ಇರಲಿಲ್ಲ.

ಚಿತ್ರದಲ್ಲಿ ಬೆಳಗಿನ ಅಡುಗೆಮನೆ, ದೊಡ್ಡ ಇಡ್ಲಿ ಪಾತ್ರೆ, ಅದರಿಂದ ಎದ್ದು ಚಾವಣಿ ಮುಟ್ಟುವ ಬಿಳಿ ಆವಿ. ಆ ಹೆಂಗಸು ಬಹಳ ಹೊತ್ತು ಬಗ್ಗಿ ನೋಡಿದಳು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದಳು, "ಸಾರ್, ಈ ಆವಿ ಹೇಗೆ ಮಾಡಿದ್ರಿ? ಯಾವ ಬಿಳಿ ಇದು?"

ಕೊಳವೆಯ ಬಗ್ಗೆ ಕೇಳಿದ್ದರೆ ಒಂದು ಗಂಟೆ ಮಾತಾಡುತ್ತಿದ್ದೆ. ಆವಿಯ ಬಗ್ಗೆ ನನಗೇನು ಗೊತ್ತು? ತಿರುಗಿ ಅಕ್ಕನನ್ನು ನೋಡಿದೆ. ಅವಳು ಎಂದಿನಂತೆ ಪುರುಸೊತ್ತಿನ ಮಾತು ಹೇಳಿ ತಪ್ಪಿಸಿಕೊಳ್ಳುತ್ತಾಳೆ ಎಂದುಕೊಂಡೆ.

"ಅದು ಬಣ್ಣ ಅಲ್ಲ," ಎಂದಳು ಅಕ್ಕ. "ಬರೀ ಕಾಗದ. ಹಲಗೆಯಲ್ಲಿ ಎಲ್ಲಕ್ಕಿಂತ ಮೊದಲು ಆವಿಯ ಜಾಗ ಕೆತ್ತಿ ತೆಗ್ದದ್ದ್. ಅಲ್ಲಿಗೆ ಶಾಯಿ ತಾಗಲೇ ಇಲ್ಲೆ."

"ನೀವು ಮಾಡಿದ್ದಾ ಅಮ್ಮ?"

"ಹೌದು. ನಾನೇ ಮಾಡಿದ್ದ್."

ನಾನು ಮುಚ್ಚಳ ಹುಡುಕುವ ನೆಪ ಮಾಡಿ ಮೇಜಿನ ಕೆಳಗೆ ಬಗ್ಗಿದೆ. ಅಷ್ಟು ದಿನ ಅಷ್ಟೊಂದು ಓದಿದ್ದೆನಲ್ಲ, ಕೊಳವೆ ಎಷ್ಟು ಅಗಲವಿರಬೇಕು, ಎಷ್ಟು ದಪ್ಪ, ಎಷ್ಟು ಉದ್ದ ಎಂದು ಎಲ್ಲರೂ ಬರೆದಿದ್ದರು. ಅದು ಯಾರ ಹೆಗಲ ಮೇಲಿರಬೇಕು ಎಂದು ಯಾರೂ ಬರೆದಿರಲಿಲ್ಲ, ನನಗೂ ಕೇಳಬೇಕೆನಿಸಿರಲಿಲ್ಲ. ಮುಚ್ಚಳ ಬೇಗನೆ ಸಿಕ್ಕಿದರೂ ನಾನು ಸ್ವಲ್ಪ ತಡವಾಗಿಯೇ ಎದ್ದೆ. ಎದ್ದು ನೋಡಿದರೆ ನನಗೆಂದು ಹಾಕಿದ್ದ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಆ ಹೆಂಗಸು ನನ್ನ ಅರ್ಧ ಕುಡಿದಿಟ್ಟ ಕಾಫಿಯನ್ನು ಎತ್ತಿಕೊಂಡು, ಅಕ್ಕನಿಗೆ ಹೊಸದು ತರಲು ಹೋಗಿದ್ದಳು.