ಸೊನ್ನೆಗೆ ಬಾರದ ತಕ್ಕಡಿ

ದೊನ್ ಫೆರ್ಮಿನ್ ಯಾರನ್ನಾದರೂ ಮೊದಲ ಸಲ ನೋಡಿದರೆ ಮುಖ ನೋಡುವುದಿಲ್ಲ, ಪಕ್ಕೆಲುಬು ನೋಡುತ್ತಾರೆ. ಮದುವೆಯಾಗಿ ಸಲಿನಾಸ್‌ನಿಂದ ಆಕ್ಸ್‌ನಾರ್ಡ್‌ಗೆ ಬಂದ ವಾರ ಅತ್ತೆ ನನ್ನನ್ನು ಅವರ ಮುಂದೆ ನಿಲ್ಲಿಸಿದಾಗ, ಕೈ ಕುಲುಕುವ ಮೊದಲೇ "ನೂರಾ ಹದಿನೆಂಟು" ಅಂದಿದ್ದರು. ಒಂದು ಪೌಂಡೂ ಆಚೀಚೆ ಇರಲಿಲ್ಲ. ನನಗೆ ಮೈ ಉರಿದಿತ್ತು.

ವಯಸ್ಸು ಎಪ್ಪತ್ತಮೂರು; 'ದೊನ್' ಅನ್ನುವುದು ನಮ್ಮವರು ಹಿರಿಯರ ಹೆಸರಿಗೆ ಸೇರಿಸುವ ಗೌರವದ ಮಾತು. ಹಗಲೆಲ್ಲ ಸ್ಟ್ರಾಬೆರಿ ಸಾಲುಗಳಲ್ಲಿ ಬಗ್ಗಿ ದುಡಿದು, ಸಂಜೆ ನಮ್ಮ ಕೇರಿಯ ಬಾಕ್ಸಿಂಗ್ ಶಾಲೆಯಲ್ಲಿ ಹುಡುಗರ ತೂಕ ನೋಡುತ್ತಿದ್ದವರು. ಇಪ್ಪತ್ತಾರು ವರ್ಷ, ಸಂಬಳವಿಲ್ಲದೆ. ಪಂದ್ಯದ ದಿನ ಬೆಳಿಗ್ಗೆ ಅವರು ಹೇಳಿದ್ದೇ ಅಂಕಿ. ಹೊರಗಿನ ಊರಿನ ತಂಡಗಳೂ ಎದುರಾಡುತ್ತಿರಲಿಲ್ಲವಂತೆ. ಶಾಲೆ ಮುಚ್ಚಿದ ಮೇಲೆ ಅಲ್ಲಿದ್ದ, ಹಲಗೆಯ ಮೇಲೆ ನಿಂತು ತೂಗುವ ಎತ್ತರದ ಕಬ್ಬಿಣದ ತಕ್ಕಡಿ ಲಾಲೋನ ಕ್ಷೌರದಂಗಡಿಗೆ ಬಂತು. ಅದರ ಹಿಂದೆಯೇ ಅವರೂ ಬಂದರು. ಆ ತಕ್ಕಡಿಯನ್ನು ಅವರಲ್ಲದೆ ಬೇರೆ ಯಾರೂ ಮುಟ್ಟುವಂತಿಲ್ಲ.

ಶನಿವಾರ ಬೆಳಿಗ್ಗೆ ಹತ್ತರಿಂದ ಅಲ್ಲಿ ಜಗಳ ಶುರು. ಎಂದೂ ಎದುರಾಗದ, ಎದುರಾಗಲೂ ಸಾಧ್ಯವಿಲ್ಲದ ಇಬ್ಬರು ಬಾಕ್ಸರುಗಳನ್ನು ಬಾಯಲ್ಲೇ ಕಣಕ್ಕಿಳಿಸುವುದು. ಒಬ್ಬ ನೂರಾ ಇಪ್ಪತ್ತಾರು ಪೌಂಡಿನವನು, ಇನ್ನೊಬ್ಬ ನೂರಾ ನಲವತ್ತೇಳರವನು. ಒಬ್ಬ ಕೈಗವಸು ಕಳಚಿ ಮನೆ ಸೇರಿದಾಗ ಇನ್ನೊಬ್ಬ ಹುಟ್ಟಿಯೇ ಇರಲಿಲ್ಲ. ಆದರೂ ಒಂದು ಕಟ್ಟಳೆ ಉಂಟು. ಯಾವ ತೂಕದಲ್ಲಿ, ಯಾರು ಮೇಲಿನ ತೂಕಕ್ಕೆ ಹತ್ತುವವರು, ಯಾರು ಕೆಳಗಿಳಿಯುವವರು, ತೂಕ ಕೊಟ್ಟ ಮೇಲೆ ಮಾರನೆಯ ದಿನದೊಳಗೆ ನೀರು ಕುಡಿದು ಎಷ್ಟು ಪೌಂಡ್ ಏರಿಸಿಕೊಳ್ಳಬಹುದು, ಇಷ್ಟನ್ನೂ ಹೇಳದೆ ಹೆಸರು ಎತ್ತುವಂತಿಲ್ಲ. ಎತ್ತಿದರೆ ದೊನ್ ಫೆರ್ಮಿನ್ ಪತ್ರಿಕೆಯಿಂದ ತಲೆ ಎತ್ತದೆ "ಯಾವ ತೂಕ್ದಲ್ಲಿ?" ಎನ್ನುತ್ತಿದ್ದರು. ಅಲ್ಲಿಗೆ ಮಾತು ಬಂದ್.

ಎಲ್ಲಿಂದ ಹೊರಟರೂ ಮಾತು ಬೆತೋ ಸೂನ್ಯಿಗಾನ ಹತ್ತಿರ ಬಂದು ನಿಲ್ಲುತ್ತಿತ್ತು. ಬೆತೋ ನಮ್ಮ ಕೇರಿಯ ಹುಡುಗ, ಫೆದರ್‌ವೇಟ್, ಅಂದರೆ ನೂರಾ ಇಪ್ಪತ್ತಾರು ಪೌಂಡ್ ಮೀರಬಾರದವನು. ಮೂವತ್ತೊಂದು ಪಂದ್ಯದಲ್ಲಿ ಒಂದೂ ಸೋಲಿಲ್ಲ. ಈಗ ಅರಿಜೋನಾದಲ್ಲಿ ಲಾರಿ ಓಡಿಸುತ್ತಾನೆ. ಲಾಲೋನ ಅಕ್ಕ ಚೇಲೋ, ಹಣ್ಣು ತುಂಬುವ ಶೆಡ್ಡಿನ ಮೇಸ್ತ್ರಿ, ಅವನನ್ನು ತೂಕದಲ್ಲಿ ಎರಡು ತರಗತಿ ಮೇಲೆ ಹತ್ತಿಸಿ ಯಾರ ಮುಂದೆ ಬೇಕಾದರೂ ನಿಲ್ಲಿಸುತ್ತಾಳೆ. ಸಣ್ಣವನು ದೊಡ್ಡವನನ್ನು ಮೂರು ಸುತ್ತು ಹೊಡೆಯಬಹುದು, ನಾಲ್ಕನೆಯದರಲ್ಲಿ ಮಾಂಸವೇ ಗೆಲ್ಲುವುದು ಎಂದು ಲಾಲೋನ ವಾದ.

"ನಿನ್ ಕತ್ತರಿ ಹಿಡ್ಕೋ ಹೋಗೋ," ಎನ್ನುತ್ತಾಳೆ ಚೇಲೋ. "ಬೆತೋ ಕೈ ಬಿದ್ದಿದ್ರೆ ನಿನ್ಗೆ ಕೂದ್ಲೂ ಇರ್ತಿರ್ಲಿಲ್ಲ, ಗಿರಾಕೀನೂ ಇರ್ತಿರ್ಲಿಲ್ಲ."

ಅಂಗಡಿಯಲ್ಲಿ ಸೇರುವವರ ಮಾತಿನಲ್ಲಿ ನಂಬಿಕೆಗಿಂತ ಅನುಮಾನವೇ ಜಾಸ್ತಿ. ಆ ತೀರ್ಪುಗಾರ ಲಂಚ ತಿಂದಿದ್ದ, ಈ ಕೈಗವಸಿನ ಹತ್ತಿ ಕಿತ್ತಿದ್ದರು. ಬೆತ್ತಲೆ ತೂಗುವಾಗ ಮರೆಗೆಂದು ಟವೆಲ್ ಹಿಡಿದಾಗ ಅದರ ಮೇಲೆ ಕೈ ಊರಿದರೆ ಎರಡು ಪೌಂಡ್ ಮಾಯ. ಹಿಂದೆ ನಿಂತವನು ಮೊಣಕೈಗೆ ಬೆರಳು ಕೊಟ್ಟರೆ ಒಂದು ಮಾಯ. ಕಾಲ ಹೆಬ್ಬೆರಳಿನಿಂದ ಹಲಗೆ ಒತ್ತಿದರೆ ತೂಕ ಏರುತ್ತದೆ. ಕೂಸನ್ನು ಎದೆಗವಚಿಕೊಂಡು ಮೂಲೆಯಲ್ಲಿ ಕೂತು ಇದನ್ನೆಲ್ಲ ನಾನು ಕಲಿತೆ.

ಅಲ್ಲಿಗೆ ನಾನು ಹೋಗುತ್ತಿದ್ದುದು ಜಗಳ ಕೇಳಲಿಕ್ಕಲ್ಲ. ನನ್ನ ಇತ್ಸೆಲ್ ತಿಂಗಳು ತುಂಬುವ ಮೊದಲೇ ಹುಟ್ಟಿದವಳು. ಏಳನೆಯ ವಾರದಲ್ಲಿ ಏಳೇ ಪೌಂಡ್. ಇಪ್ಪತ್ತನೆಯ ತಾರೀಖು ಗುರುವಾರದ ಹೊತ್ತಿಗೆ ಎಂಟು ಮುಟ್ಟದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಇಳಿಸುವುದಾಗಿ ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ಕಾಯುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ. ದೊನ್ ಫೆರ್ಮಿನ್ ತಾವಾಗಿಯೇ ತಕ್ಕಡಿ ತೋರಿಸಿದರು. ಚಪ್ಪಲಿ ಬಿಟ್ಟು ಮೊದಲು ನಾನೊಬ್ಬಳೇ ಹತ್ತಬೇಕು, ಆಮೇಲೆ ಬೆತ್ತಲೆ ಕೂಸನ್ನು ಎತ್ತಿಕೊಂಡು. ಕಳೆದರೆ ಉಳಿದದ್ದು ಅವಳದು.

ಮೊದಲ ಶನಿವಾರ ಏಳೂಕಾಲು. ಎರಡನೆಯದರಲ್ಲಿ ಏಳೂವರೆ. "ಹತ್ತಿದ್ಲು ನೋಡ್ರಪ್ಪ," ಎಂದು ಅವರು ಅಂಗಡಿಗೆಲ್ಲ ಸಾರಿದರು. ಲಾಲೋ ಕತ್ತರಿ ನಿಲ್ಲಿಸಿ ಚಪ್ಪಾಳೆ ತಟ್ಟಿದ. ನಾನು ದಿನಚರಿಯಲ್ಲಿ ಅಂಕಿ ಬರೆದು ಕೆಳಗೆ ಗೆರೆ ಎಳೆದೆ.

ಸೋಮವಾರ ಬಾಣಂತಿಯರ ತಪಾಸಣೆಗೆ ಹೋದೆ. ಕೂಸು ಅತ್ತೆಯ ಹತ್ತಿರ ಇತ್ತು. ದಾದಿ ನನ್ನ ತೂಕ ನೂರಾ ಇಪ್ಪತ್ತಮೂರು ಎಂದು ಬರೆದಳು. ಶನಿವಾರ ಅದೇ ಬಟ್ಟೆಯಲ್ಲಿ ದೊನ್ ಫೆರ್ಮಿನ್ ಓದಿದ್ದು ನೂರಾ ಇಪ್ಪತ್ತೊಂದೂಕಾಲು. ಎರಡು ದಿನದಲ್ಲಿ ಒಂದೂಮುಕ್ಕಾಲು ಪೌಂಡ್ ಏರುವಷ್ಟು ನಾನು ತಿಂದಿರಲಿಲ್ಲ. ಕೂಸಿನ ಚಿಂತೆಯಲ್ಲಿ ಅನ್ನವೇ ಇಳಿಯುತ್ತಿರಲಿಲ್ಲ.

ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಮುದುಕರು ನನ್ನ ಮೇಲೆ ಕನಿಕರ ತೋರಿಸುತ್ತಿದ್ದಾರೆ. ನಾನೊಬ್ಬಳೇ ನಿಂತಾಗ ಕಡಿಮೆ ಓದಿ, ಕೂಸಿನೊಂದಿಗೆ ನಿಂತಾಗ ಸರಿಯಾಗಿ ಓದಿದರೆ ಮುಗಿಯಿತಲ್ಲ, ಮಗು ದಪ್ಪಗಾದಂತೆ. ಕಾಲು, ಅರ್ಧ, ಇಷ್ಟು ಅಚ್ಚುಕಟ್ಟಾಗಿ ಯಾವ ಕೂಸು ಬೆಳೆಯುತ್ತದೆ? ಆ ವಾರವೆಲ್ಲ ಇತ್ಸೆಲ್‌ಳ ತೊಡೆ ಹಿಡಿದು ನೋಡಿದೆ. ಒಮ್ಮೆ ತುಂಬಿದಂತೆ ಕಂಡರೆ ಇನ್ನೊಮ್ಮೆ ಹಕ್ಕಿಯ ಕಾಲಿನಂತೆ. ಗಂಡನಿಗೆ ಹೇಳಿದರೆ, ದೊನ್ ಫೆರ್ಮಿನ್ ಮೇಲೆ ಅನುಮಾನವಾ, ಇನ್ನು ಪಾದ್ರಿಯ ಮೇಲೂ ಪಡು ಎಂದು ರೇಗಿದ.

ಮೂರನೆಯ ಶನಿವಾರ ನನ್ನ ಕಣ್ಣು ಅವರ ಕಾಲ ಹೆಬ್ಬೆರಳಿನ ಮೇಲೇ ಇತ್ತು. ಅದು ಹಲಗೆಯ ಹತ್ತಿರವೂ ಸುಳಿಯಲಿಲ್ಲ. ಕೈ ಜೇಬಿನಲ್ಲಿತ್ತು. ನೂರಾ ಇಪ್ಪತ್ತೊಂದೂಕಾಲು, ಕೂಸಿನೊಂದಿಗೆ ನೂರಾ ಇಪ್ಪತ್ತೊಂಬತ್ತು. ಏಳೂಮುಕ್ಕಾಲು. ಮತ್ತೆ ಸರಿಯಾಗಿ ಕಾಲು ಪೌಂಡ್ ಹೆಚ್ಚು. ಆಗ ಇಷ್ಟು ದಿನ ಕಾಣದ್ದೊಂದು ಕಂಡಿತು. ತೂಕ ಮುಗಿದ ಮೇಲೆ ಅವರು ತಕ್ಕಡಿಯ ಅಡ್ಡಸರಳಿನ ಮೇಲೆ ಸರಿದಾಡುವ ಗುಂಡನ್ನು ಸೊನ್ನೆಗೆ ತರುವುದಿಲ್ಲ. ನೂರರ ಕಚ್ಚಿನಲ್ಲಿ ಕೂರಿಸಿ ಅಲ್ಲೇ ಬಿಡುತ್ತಾರೆ, ಯಾವಾಗಲೂ.

ಮೆಲ್ಲಗೆ ಕೇಳಿದೆ: "ದೊನ್ ಫೆರ್ಮಿನ್, ಅದನ್ನ ಒಂದ್ಸಲ ಸೊನ್ನೆಗೆ ತಂದು ತೋರಿಸ್ತೀರಾ?"

ಲಾಲೋನ ಕತ್ತರಿ ನಿಂತಿತು. ಚೇಲೋ ನನ್ನನ್ನು ಮೇಲಿಂದ ಕೆಳಗೆ ಅಳೆದಳು. "ಸಲಿನಾಸ್‌ನೋರು ಹಿಂಗೇ ಕಣ್ರೀ. ಕೊಟ್ಟ ಹಾಲಲ್ಲೂ ನೊಣ ಹುಡುಕ್ತಾರೆ."

ಆಸ್ಪತ್ರೆಯ ಅಂಕಿ ಹೇಳಿದೆ. ಗುರುವಾರ ಇವಳ ಮೂಗಿಗೆ ನಳಿಗೆ ಹಾಕುತ್ತಾರೋ ಇಲ್ಲವೋ ನನಗೆ ಈಗಲೇ ತಿಳಿಯಬೇಕು, ಸಮಾಧಾನದ ಮಾತು ಬೇಡ ಎಂದೆ.

ಅವರು ಬಹಳ ಹೊತ್ತು ಕೂಸಿನ ಪಕ್ಕೆಲುಬು ನೋಡಿದರು. ಆಸ್ಪತ್ರೆಯ ಯಂತ್ರವೇ ಸುಳ್ಳು ಎಂದಿದ್ದರೆ ಅಂಗಡಿಯಲ್ಲಿದ್ದ ಎಲ್ಲರೂ ನಂಬುತ್ತಿದ್ದರು. ಅವರು ಕೈ ಚಾಚಿ ಗುಂಡನ್ನು ಸೊನ್ನೆಗೆ ಸರಿಸಿದರು. ಹಲಗೆ ಖಾಲಿ ಇತ್ತು. ಸರಿಯಿದ್ದರೆ ನಡುವೆ ತೇಲಬೇಕಾದ ಸರಳು ಟಕ್ಕೆಂದು ಕೆಳಗೆ ಬಿತ್ತು. ಸರಳಿನ ತುದಿಯನ್ನು ತಿರುಗಿಸಿ ತೋರಿಸಿದರು. ಅಡಿಯಲ್ಲಿ ಕಡಲೆಗಾತ್ರದ ಸೀಸ, ಮೇಲೆ ಕಪ್ಪು ಬಣ್ಣ; ಹತ್ತಿದವರ ತೂಕ ಅಷ್ಟು ಕಡಿಮೆ ಕಾಣುವಂತೆ.

"ಬೆತೋಗೆ ಹದಿನೇಳು ಆಗ," ಅಂದರು. "ತುಟಿ ಒಡ್ದಿತ್ತು, ಉಗಿಯೋಕೆ ಎಂಜ್ಲೂ ಇರ್ಲಿಲ್ಲ ಅವನ್ ಬಾಯಲ್ಲಿ. ಆದ್ರೂ ಒಂದೂಮುಕ್ಕಾಲು ಪೌಂಡ್ ಜಾಸ್ತಿ. ತೂಕ ಇಳ್ಸೋಕೆ ಇನ್ನೊಂದ್ ಗಂಟೆ ಓಡ್ಸಿದ್ರೆ ಸತ್ತೇ ಹೋಗ್ತಿದ್ದ. ಅವತ್ತು ಅಂಟಿಸ್ದೆ. ಆಮೇಲೆ ಕೀಳಕ್ಕೆ ಮನ್ಸ್ ಬರ್ಲಿಲ್ಲ."

"ಬೆತೋ ಒಬ್ನಿಗೇನಾ?" ಲಾಲೋ ಕೇಳಿದ.

"ನಮ್ ಹುಡುಗ್ರು ಎಲ್ರಿಗೂ. ಬೇರೆ ಊರೋರಿಗೆ ಅವರದೇ ತಕ್ಕಡಿ ಇರ್ತಿತ್ತಲ್ಲ."

ಚೇಲೋಳ ಮುಖದಲ್ಲಿ ಮೂವತ್ತೊಂದು ಗೆಲುವುಗಳು ಒಂದೊಂದಾಗಿ ಅಳಿಸಿಹೋಗುವುದು ಕಾಣುತ್ತಿತ್ತು. ನನಗೆ ಅದು ಬೇಕಿರಲಿಲ್ಲ, ನನ್ನ ಲೆಕ್ಕ ಬೇರೆ. ನಾನೊಬ್ಬಳೇ ಹತ್ತಿದಾಗಲೂ ಸೀಸ ಇತ್ತು, ಕೂಸಿನೊಂದಿಗೆ ಹತ್ತಿದಾಗಲೂ ಇತ್ತು. ಎರಡು ಸಲವೂ ಅಷ್ಟೇ ಸುಳ್ಳು. ಹಾಗಾದರೆ ಕಳೆದಾಗ?

ಅವರಿಗೂ ಅದೇ ಹೊಳೆದಿರಬೇಕು. ಲಾಲೋನ ಕ್ಷೌರದ ಕತ್ತಿಯಿಂದ ಸೀಸ ಎಬ್ಬಿಸಿ ತೆಗೆದರು. ಸರಳು ಎದ್ದು ನಡುವೆ ನಿಂತಿತು. ನಾನು ಹತ್ತಿದೆ: ನೂರಾ ಇಪ್ಪತ್ತಮೂರು. ಕೂಸಿನೊಂದಿಗೆ: ನೂರಾ ಮೂವತ್ತೂಮುಕ್ಕಾಲು. ಏಳೂಮುಕ್ಕಾಲೇ. ಆ ಸರಳಿನಲ್ಲಿ ಕಾಲಿಗಿಂತ ಸಣ್ಣ ಗೆರೆಯೇ ಇಲ್ಲ ಎಂಬುದೂ ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಇನ್ನೂ ಕಾಲು ಪೌಂಡ್, ಐದು ದಿನ.

ಆ ಐದು ದಿನ ಎರಡು ಗಂಟೆಗೊಮ್ಮೆ ಎಬ್ಬಿಸಿ ಹಾಲೂಡಿಸಿದೆ. ಗುರುವಾರ ದಾದಿ ಇತ್ಸೆಲ್‌ಳನ್ನು ತೂಗಿದಾಗ ಟವೆಲ್ ತೆಗೆಯಿರಿ, ಅದರಿಂದ ಅಂಕಿ ತಪ್ಪುತ್ತದೆ ಎಂದು ನಾನೇ ಹೇಳಿದೆ. ಅವಳು ವಿಚಿತ್ರವಾಗಿ ನೋಡಿದಳು. ಡಾಕ್ಟರು ಕಾಗದ ನೋಡಿ, ನಳಿಗೆ ಬೇಡ, ತಿಂಗಳು ಬಿಟ್ಟು ಬನ್ನಿ ಎಂದರು.

ಶನಿವಾರ ಅಂಗಡಿಯಲ್ಲಿ ದೊನ್ ಫೆರ್ಮಿನ್ ಇರಲಿಲ್ಲ. ಬೆತೋನನ್ನು ನೂರಾ ಇಪ್ಪತ್ತೆಂಟರವನೆಂದು ಇಟ್ಟುಕೊಂಡು ಅವನ ಹಳೆಯ ಪಂದ್ಯಗಳನ್ನೆಲ್ಲ ಮತ್ತೆ ಆಡಿಸುತ್ತಿದ್ದರು. ಯಾರು ಯಾರ ಹೆಸರೆತ್ತಿದರೂ "ಅವನೂ ಆ ತಕ್ಕಡಿ ಹತ್ತಿದವ್ನೇ ತಾನೆ" ಎಂದು ಇನ್ನೊಬ್ಬ ತಡೆಯುತ್ತಿದ್ದ. ಚೇಲೋ ನನ್ನೊಂದಿಗೆ ಮಾತಾಡಲಿಲ್ಲ. ನನ್ನ ಕಾಲು ಪೌಂಡಿಗಾಗಿ ಒಬ್ಬ ಮುದುಕರ ಇಪ್ಪತ್ತಾರು ವರ್ಷ ಹೋಯಿತು ಎಂದು ಅನ್ನಿಸಿದ್ದು ನಿಜ. ಆದರೆ ಮತ್ತೊಮ್ಮೆ ಹಾಗೇ ಆದರೆ ಮತ್ತೊಮ್ಮೆ ಕೇಳುತ್ತೇನೆ.

ಅಲ್ಲಿಂದ ಕೂಸನ್ನು ಎತ್ತಿಕೊಂಡು ನೇರ ದೊನ್ ಫೆರ್ಮಿನ್ ಅವರ ಮನೆಗೆ ಹೋದೆ. ಬಾಗಿಲು ಒಂದು ಗೇಣಷ್ಟೇ ತೆರೆಯಿತು. ಒಳಗೆ ಬಾ ಎನ್ನಲಿಲ್ಲ, ಚೆನ್ನಾಗಿದ್ದೀಯಾ ಎನ್ನಲಿಲ್ಲ.

"ಎಷ್ಟು?"

"ಎಂಟು. ಮೇಲೆ ಒಂದು ಔನ್ಸ್."

ಅವರ ಕಣ್ಣು ಕಿರಿದಾಯಿತು. "ಬಟ್ಟೆ ಇಲ್ದೆ?"

"ಟವೆಲ್ಲೂ ಇಲ್ದೆ. ಯಾರೂ ಮುಟ್ಟಿರ್ಲಿಲ್ಲ. ಮೊದ್ಲು ಸೊನ್ನೆ ನೋಡ್ದೆ."

ಬಾಗಿಲು ಪೂರ್ತಿ ತೆರೆದು, ಕೂಸಿಗಾಗಿ ಎರಡೂ ಕೈ ಚಾಚಿದರು.